ಕೊಂಡುಕುರಿಯ ಕಾಡೋ, ಗೂಳಿಗಳ ಬಂಡೆಯೋ?

ಚಿತ್ರದುರ್ಗದಲ್ಲಿದ್ದು ಒಂದೇ ದಿನ ಬಿಡುವಿದ್ದರೆ, ಬಯಲುಸೀಮೆಯ ಯಾವ ಮೂಲೆಗೆ ಹೋಗಬೇಕು? ನಾನು, ನನ್ನ ತಮ್ಮ ಎರಡು ಕಡೆ ಹೋಗಿ ಬಂದೆವು. ಒಂದು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ. ಇನ್ನೊಂದು ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ, ಬಂಡೆಗಳ ಮೇಲೆ ಹಳೆಯ ಕಾಲದ ಚಿತ್ರಗಳಿರುವ ಕುಪ್ಗಲ್ ಗುಡ್ಡ.

ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ಎಂಬ ಪುಟ್ಟ ಹುಲ್ಲೆಗೆಂದೇ ಆದ ವನ್ಯಧಾಮ. ಮುಳ್ಳುಗಿಡಗಳ ಕುರುಚಲು ಕಾಡು. ಅನುಮತಿ ಪಡೆದು ನಸುಕಿನಲ್ಲೇ ಹೋದೆವು. ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ತೀರಾ ಚಿಕ್ಕದು. ಹೆಣ್ಣಿಗೆ ಕೊಂಬೇ ಇಲ್ಲ. ಜಿಂಕೆಯ ಹಾಗೆ ಹಿಂಡುಗಟ್ಟಿ ತಿರುಗುವುದಿಲ್ಲ. ನಾವು ಮೊದಲು ಕಂಡದ್ದು ಹಿಕ್ಕೆಯ ರಾಶಿ. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಾಗಾಗಿ ಸ್ವಲ್ಪ ದೂರದಲ್ಲಿ ಸುಮ್ನೆ ಕೂತೆವು. ಎರಡು ಗಂಟೆ ಕಾದ ಮೇಲೆ ಹುಲ್ಲಿನೊಳಗೆ ಕಂದು ಮೈಯೊಂದು ಕಂಡಿತು. ಮರುಕ್ಷಣವೇ ಮಾಯ. ಅಷ್ಟೇ. ಆದರೂ ಆ ಒಂದು ಕ್ಷಣ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಕುಪ್ಗಲ್‌ನಲ್ಲಿ ತಪ್ಪು ಮಾಡಿದೆವು. ಮಧ್ಯಾಹ್ನ 12ಕ್ಕೆ ಹತ್ತಿದೆವು. ಕರಿಕಲ್ಲು ಕಾದ ಹೆಂಚಿನಂತಿತ್ತು. ಬಂಡೆಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು, ಚಿತ್ರ ಒಂದೂ ಕಾಣಲಿಲ್ಲ. ತಮ್ಮ "ಏನಿದೆ ಇಲ್ಲಿ, ಹೋಗೋಣ ಬಾ ಅಣ್ಣ" ಅಂದ. ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ನಾಲ್ಕೂವರೆಗೆ ಬಿಸಿಲು ಓರೆಯಾಯಿತು ನೋಡಿ, ಮಧ್ಯಾಹ್ನ ನೋಡಿ ಬಂದಿದ್ದ ಬಂಡೆಯ ಮೇಲೆ ಉದ್ದ ಕೊಂಬಿನ ಗೂಳಿ ನಿಂತಿತ್ತು! ಪಕ್ಕದಲ್ಲಿ ಇನ್ನೊಂದು, ಮೇಲೆ ಮನುಷ್ಯರು. ಬಣ್ಣ ಬಳಿದ ಚಿತ್ರಗಳಲ್ಲ ಇವು, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದವು. ಹಲವು ಚಿತ್ರಗಳು ಹೊಸ ಶಿಲಾಯುಗದವು. ದನ ಸಾಕಿದ ಜನ ತಮ್ಮ ದನಗಳನ್ನೇ ಬಿಡಿಸಿದ್ದಾರೆ, ಎಷ್ಟು ಪ್ರೀತಿ ಅಲ್ವಾ? ಕೆಲವು ಬಂಡೆಗಳಲ್ಲಿ ಗುಳಿಗಳಿವೆ. ಅಲ್ಲಿ ಬಡಿದರೆ ಗಂಟೆಯಂತೆ ನಾದ ಬರುತ್ತದಂತೆ. ನಾವು ಬಡಿಯಲಿಲ್ಲ, ನೀವೂ ಬಡಿಯಬೇಡಿ. ಚಿತ್ರ ಎದ್ದು ಕಾಣಲಿ ಅಂತ ಸೀಮೆಸುಣ್ಣ ತೀಡಲೂ ಬೇಡಿ. ಕಲ್ಲು ಗಣಿಗಾರಿಕೆಯಿಂದ ಈಗಾಗಲೇ ಕೆಲವು ಚಿತ್ರಗಳು ಹಾಳಾಗಿವೆ.

ಮೊದಲ ಸಲ ಹೋಗುವವರಿಗೆ ನಾನು ಕುಪ್ಗಲ್ ಅನ್ನುತ್ತೇನೆ. ಪ್ರಾಣಿ ಕಾಣದೇ ಹೋಗಬಹುದು. ಸರಿಯಾದ ಹೊತ್ತಿಗೆ ಹೋದರೆ ಗೂಳಿ ಕಂಡೇ ಕಾಣುತ್ತದೆ. ಕಾಯುವ ತಾಳ್ಮೆ ಇದ್ದವರಿಗೆ, ಮಾತು ಕಡಿಮೆ ಇರುವವರಿಗೆ ರಂಗಯ್ಯನದುರ್ಗ. ಚಿಕ್ಕ ಮಕ್ಕಳಿಗೆ ಎರಡೂ ಕಷ್ಟ.

ಬಳ್ಳಾರಿ ಕಡೆ ಹೊರಟರೆ ಬೆಳಿಗ್ಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ನೋಡಿಕೊಳ್ಳಿ. ಕುಪ್ಗಲ್ ಹತ್ತುವುದು ನಾಲ್ಕರ ಮೇಲೆ ಇರಲಿ. ಗಟ್ಟಿ ಬೂಟು ಹಾಕಿ, ಒಬ್ಬೊಬ್ಬರಿಗೆ 3 ಲೀಟರ್ ನೀರು ಇಟ್ಟುಕೊಳ್ಳಿ. ಕತ್ತಲಾಗುವ ಮೊದಲೇ ಇಳಿಯಿರಿ, ಅಲ್ಲಿ ಕಾಲಡಿಯ ಕಲ್ಲು ಅಲುಗಾಡುತ್ತದೆ.