ಮೇಡನ್ ಮುಂದಿನ ಆಲ್ಬಂ: ಸಿಡಿ ಕೊಳ್ಳೋದಾ, ಎಲ್‌ಪಿನಾ, ಆ್ಯಪ್ ಸಾಕಾ?

ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಮುಂದಿನ ಆಲ್ಬಂ ಯಾವತ್ತು ಬಂದರೂ ನಾನು ಕೊಳ್ಳೋದು ಸಿಡಿಯನ್ನೇ. 2021ರ 'ಸೆಂಜುತ್ಸು' ಆಲ್ಬಂ ಅನ್ನು ಮೂರೂ ರೀತಿಯಲ್ಲಿ ಕೇಳಿದ್ದೇನೆ. ಎಲ್‌ಪಿಗೆ, ಅಂದರೆ ಮುಳ್ಳಿಟ್ಟು ಕೇಳುವ ದೊಡ್ಡ ತಟ್ಟೆಗೆ, ಕೊಟ್ಟ ದುಡ್ಡಿನ ಬೇಜಾರು ಇನ್ನೂ ಹೋಗಿಲ್ಲ.

ಇಷ್ಟು ಮುಂಚೆಯೇ ಯಾಕೆ ಲೆಕ್ಕ ಹಾಕ್ತಾ ಇದ್ದೀನಿ ಅಂದರೆ, ಈ ಸಲ ನನಗೆ ಭಯ ಇದೆ. ನಿಕೋ ಮೆಕ್‌ಬ್ರೇನ್ 1982ರ ಕೊನೆಯಲ್ಲಿ ಬ್ಯಾಂಡ್ ಸೇರಿದ ಡ್ರಮ್ಮರ್. 2023ರ ಜನವರಿಯಲ್ಲಿ ಅವರಿಗೆ ಸ್ಟ್ರೋಕ್ ಆಯಿತು. 2024ರ ಡಿಸೆಂಬರ್‌ನಲ್ಲಿ ಸಾವೊ ಪಾಲೊದಲ್ಲಿ ಕೊನೆಯ ಶೋ ನುಡಿಸಿ ಪ್ರವಾಸ ಬಿಟ್ಟರು. ಈಗ ಸ್ಟೇಜ್ ಮೇಲೆ ಸೈಮನ್ ಡಾಸನ್ ಇದ್ದಾರೆ. ಆದರೆ ಸ್ಟುಡಿಯೋದಲ್ಲಿ? ಬೇರೆ ಮೆಟಲ್ ಡ್ರಮ್ಮರ್‌ಗಳು ಎರಡು ಕಾಲಲ್ಲಿ ಬಾಸ್ ಡ್ರಮ್ ಪೆಡಲ್ ಒತ್ತಿ ಮಾಡುವ ಕೆಲಸವನ್ನು ನಿಕೋ ಬಲಗಾಲು ಒಂದರಲ್ಲೇ ಮಾಡುತ್ತಿದ್ದರು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಡನ್ ಶೋನ ಜನಜಂಗುಳಿಯಲ್ಲಿ ಆ ಏಟು ನನ್ನ ಎದೆಗೂಡಿಗೇ ಬಿದ್ದಿತ್ತು. ಮುಂದಿನ ಆಲ್ಬಂನಲ್ಲಿ ಅದು ಇರುತ್ತೋ ಇಲ್ವೋ ಗೊತ್ತಿಲ್ಲ. ಅದೇ ಕೊನೆಯ ಆಲ್ಬಂ ಆಗಿಬಿಟ್ಟರೆ ಅನ್ನೋ ಯೋಚನೆಯೂ ಬರುತ್ತೆ. ಹಾಗಾಗಿ ಮೊದಲ ಸಲ ಕೇಳುವಾಗ ನಡುವೆ ಏನೂ ಅಡ್ಡ ಬರಬಾರದು.

ಎಲ್‌ಪಿಯಲ್ಲಿ ಅಡ್ಡ ಬಂದಿದ್ದು ನಾನೇ ಏಳಬೇಕಾಗಿದ್ದು. 'ಸೆಂಜುತ್ಸು' ಸುಮಾರು 82 ನಿಮಿಷದ ಆಲ್ಬಂ. ಹತ್ತು ಹಾಡು, ಮೂರು ತಟ್ಟೆ, ಆರು ಬದಿ. ಒಂದು ಬದಿಗೆ ಸರಾಸರಿ ಹದಿನಾಲ್ಕು ನಿಮಿಷವೂ ಇಲ್ಲ. ಒಂದೇ ಬದಿಗೆ ಜಾಸ್ತಿ ನಿಮಿಷ ತುರುಕಿದರೆ ಗೆರೆಗಳು ಒತ್ತೊತ್ತಾಗಿ ಬಾಸ್ ಸೊರಗುತ್ತೆ, ಅದಕ್ಕೇ ಹೀಗೆ ಹಂಚುತ್ತಾರೆ. ಅದು ನನಗೂ ಗೊತ್ತು. ಆದರೆ ಕೂತು ಕೇಳುವವನ ಪಾಡು ಬೇರೆ.

ನನ್ನ ಪ್ಲೇಯರ್‌ನಲ್ಲಿ ಮುಳ್ಳು ತಾನಾಗಿ ಮೇಲೇಳೋದಿಲ್ಲ. ಹಾಡು ಮುಗಿದ ಮೇಲೂ ತಟ್ಟೆ ಸುತ್ತುತ್ತಲೇ ಇರುತ್ತೆ, ಮುಳ್ಳು ಒಳಗಿನ ಕೊನೆಯ ಗೆರೆಯಲ್ಲಿ ಟಕ್, ಟಕ್ ಅಂತಿರುತ್ತೆ. ಎದ್ದು ಹೋಗಿ, ಮುಳ್ಳೆತ್ತಿ, ತಟ್ಟೆ ತಿರುಗಿಸಿ, ಬ್ರಷ್‌ನಲ್ಲಿ ಧೂಳು ತೆಗೆದು ಮತ್ತೆ ಇಡಬೇಕು. ಇಡೀ ಆಲ್ಬಂಗೆ ಐದು ಸಲ. ನಾಲ್ಕು ಸಲ ಹೇಗೋ ಸಹಿಸಿಕೊಂಡೆ. ಐದನೆಯದೇ ಆಗಲಿಲ್ಲ. 'ದಿ ಪಾರ್ಚ್‌ಮೆಂಟ್' ಹನ್ನೆರಡೂವರೆ ನಿಮಿಷದ ಹಾಡು, ನಿಧಾನಕ್ಕೆ ಏರುತ್ತಾ ಏರುತ್ತಾ ಕೊನೆಗೆ ಓಟ ಹಿಡಿಯುತ್ತೆ. ಅದು ಮುಗಿದ ತಕ್ಷಣ 'ಹೆಲ್ ಆನ್ ಅರ್ತ್' ಮೆಲ್ಲಗೆ ಶುರುವಾಗಬೇಕು. ಆ ಜೋರಿನ ಹಿಂದೆಯೇ ಬಂದರೆ ಮಾತ್ರ ಆ ಮೆಲುದನಿ ಕೆಲಸ ಮಾಡೋದು. ನಾನು ಆಗ ದೀಪದ ಕೆಳಗೆ ತಟ್ಟೆ ಹಿಡಿದು ಧೂಳು ನೋಡ್ತಾ ನಿಂತಿದ್ದೆ. ಕೂತಾಗ ಹಾಡು ಶುರುವಾಗಿತ್ತು, ಮನಸ್ಸು ಅಲ್ಲಿರಲಿಲ್ಲ.

ಕವರ್ ಮಾತ್ರ ಬಹಳ ಚೆಂದ. ಮೇಡನ್ ಕವರ್‌ಗಳ ಕಾಯಂ ಪಾತ್ರ ಎಡ್ಡಿಯನ್ನು ಸಮುರಾಯ್ ವೇಷದಲ್ಲಿ ಅಷ್ಟು ದೊಡ್ಡದಾಗಿ ನೋಡೋದೇ ಒಂದು ಖುಷಿ.

ಹಾಡು ಕೇಳುವ ಆ್ಯಪ್ ಅಗ್ಗ, ಬಿಡುಗಡೆಯಾದ ದಿನವೇ ಸಿಗುತ್ತೆ, ಬಸ್ಸಿನಲ್ಲಿ ಕೇಳೋಕೆ ಸಾಕು. ಆದರೆ ನನ್ನ ಫೋನಿಗೆ ಮನೆಯವರು, ಆಫೀಸಿನವರು ಎಲ್ಲರೂ ಬರುತ್ತಾರೆ. ಹತ್ತು ನಿಮಿಷದ ಹಾಡು ಸ್ವಲ್ಪ ನಿಧಾನವಾದರೆ ಬೆರಳು ತಾನಾಗೇ ಮುಂದಿನ ಹಾಡಿಗೆ ಹೋಗುತ್ತೆ. 'ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್' ಹಾಡನ್ನು ನಾನು ಒಂದು ತಿಂಗಳು ಪೂರ್ತಿ ಕೇಳಿರಲೇ ಇಲ್ಲ.

ಸಿಡಿಗೆ ಬರೋಣ. ಒಂದು ಸಿಡಿಯಲ್ಲಿ ಹಿಡಿಸೋದು ಹೆಚ್ಚೆಂದರೆ 80 ನಿಮಿಷ. ಎರಡೇ ನಿಮಿಷ ಜಾಸ್ತಿಯಾಗಿದ್ದಕ್ಕೆ ಎರಡು ಸಿಡಿ ಮಾಡಿದ್ದಾರೆ. ಮೊದಲು ಇದು ನನಗೂ ದಂಡ ಅನ್ನಿಸಿತ್ತು. ಕೇಳಿದ ಮೇಲೆ ಅಭಿಪ್ರಾಯ ಬದಲಾಯಿತು. ಮೊದಲನೆಯದರಲ್ಲಿ ಆರು ಹಾಡು, ಎರಡನೆಯದರಲ್ಲಿ ನಾಲ್ಕು, ಎರಡೂ ನಲವತ್ತು ನಿಮಿಷದ ಆಸುಪಾಸು. ಏಳೋದು ಒಂದೇ ಸಲ, ಅದೂ ನೀರು ಕುಡಿಯೋಕೆ ಸರಿಯಾದ ಹೊತ್ತಿಗೆ. ಎರಡನೇ ಸಿಡಿಯ ಕೊನೆಯ ಮೂರು ಹಾಡು ಬ್ಯಾಂಡ್‌ನ ಬಾಸ್ ಗಿಟಾರಿಸ್ಟ್ ಸ್ಟೀವ್ ಹ್ಯಾರಿಸ್ ಒಬ್ಬರೇ ಬರೆದವು, ಸೇರಿ 34 ನಿಮಿಷ. ಅವು ಉದ್ದವಾಯ್ತು ಅಂತ ಬೈಯುವವರು ಒಮ್ಮೆ ದೀಪ ಆರಿಸಿ, ಎಲ್ಲೂ ನಿಲ್ಲಿಸದೆ ಕೇಳಬೇಕು. ನನಗೆ ಆ ಹಾಡುಗಳು ದಕ್ಕಿದ್ದೇ ಹಾಗೆ.

ತೊಂದರೆ ಇಲ್ಲ ಅಂತಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕೋ ಜಾಗವೇ ಇಲ್ಲ. ನಾನು ಮನೆಯ ಹಳೇ ಡಿವಿಡಿ ಪ್ಲೇಯರ್ ಅನ್ನು ಆಂಪ್ಲಿಫೈಯರ್‌ಗೆ ಜೋಡಿಸಿದ್ದೇನೆ. ಅದು ಕೆಟ್ಟರೆ ಏನು ಮಾಡೋದು ಅನ್ನೋದು ನಿಜವಾದ ಚಿಂತೆ. ಬೆಲೆ ಮಾತ್ರ ನನ್ನ ಕೈಗೆ ಎಟುಕುತ್ತೆ. ನಾನು ಎಲ್‌ಪಿಗೆ ಕೊಟ್ಟ ದುಡ್ಡಲ್ಲಿ ಇಂಥ ನಾಲ್ಕು ಸಿಡಿ ಬರುತ್ತಿದ್ದವು.

ಮನೆಯಲ್ಲಿ ಸರಿಯಾಗಿ ಓಡುವ ಸಿಡಿ ಪ್ಲೇಯರ್ ಇಲ್ಲದವರು ಆ್ಯಪ್‌ನಲ್ಲೇ ಕೇಳಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಎಲ್‌ಪಿ ಬೇಕೇ ಬೇಕು ಅನ್ನುವವರು ಹತ್ತು ಸಲ ಕೇಳಿ ಹಾಡುಗಳು ಬಾಯಿಪಾಠ ಆದಮೇಲೆ ಕೊಳ್ಳಿ.

ನಾನಂತೂ ಆ ದಿನ ರಾತ್ರಿ ಊಟ ಮುಗಿಸಿ ಮೊದಲನೇ ಸಿಡಿ ಹಾಕುತ್ತೇನೆ. ಡ್ರಮ್ಸ್ ಯಾರು ಅಂತ ಒಳಗಿನ ಪುಸ್ತಕ ತೆಗೆದು ನೋಡೋದಿಲ್ಲ. ಮೊದಲ ಹಾಡು ಮುಗಿಯೋವರೆಗೂ ಆ ಬಲಗಾಲಿನ ಏಟಿಗೆ ಕಿವಿಗೊಟ್ಟು ಕೂತಿರುತ್ತೇನೆ.