ಮೂರು ಬ್ಲೂ-ಬ್ಲ್ಯಾಕ್ ಶಾಯಿ ಪಕ್ಕಪಕ್ಕ: ಪೆಲಿಕಾನ್ 4001, ಶಿನ್-ಕಾಯ್, ಸೇಯ್‌ಬೋಕು

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ಕಾಯಿಸುವುದು ಬೇಡ. ನೋಡಲು ಚೆಂದ ಶಿನ್-ಕಾಯ್. ನೀರು ಬಿದ್ದರೂ ಜಗ್ಗದ್ದು ಸೇಯ್‌ಬೋಕು. ಆದರೆ ದಿನಾ ಕೈಗೆ ಬರುವ ಫೌಂಟನ್ ಪೆನ್ನಿನಲ್ಲಿ ಈಗ ತುಂಬಿರುವುದು ಪೆಲಿಕಾನ್ 4001 ಬ್ಲೂ-ಬ್ಲ್ಯಾಕ್, ಮೂರರಲ್ಲಿ ನೋಡಲು ಎಲ್ಲಕ್ಕಿಂತ ಸಪ್ಪೆಯಾದ ಶಾಯಿ. ಅದು ಯಾಕೆ ಹಾಗಾಯಿತು ಅನ್ನುವುದು ಸ್ವಲ್ಪ ಉದ್ದದ ಕಥೆ.

ಬಣ್ಣದ ಚಾರ್ಟ್ ನೋಡಿದರೆ ಮೂರೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಗಾಢ ನೀಲಿ, ಸ್ವಲ್ಪ ಕಪ್ಪು, ಗಂಭೀರ. ಒಳಗಿನ ಸರಕು ಮಾತ್ರ ಪೂರ್ತಿ ಬೇರೆ. ಶಿನ್-ಕಾಯ್ ಪೈಲಟ್ ಕಂಪನಿಯ ಇರೋಶಿಝುಕು ಸಾಲಿನದು. ಈ ಸಾಲು 2007ರಲ್ಲಿ ಶುರುವಾಯಿತು. ಇದು ಡೈ ಶಾಯಿ, ಅಂದರೆ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಸೇಲರ್ ಕಂಪನಿಯ ಸೇಯ್‌ಬೋಕು ಪಿಗ್ಮೆಂಟ್ ಶಾಯಿ. ಇದರಲ್ಲಿ ಬಣ್ಣ ಕರಗಿರುವುದಿಲ್ಲ, ತೀರಾ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಪೆಲಿಕಾನ್ ಇವೆರಡೂ ಅಲ್ಲ. ಅದು ಐರನ್ ಗಾಲ್ ಶಾಯಿ, ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಮಾಚಿಕಾಯಿಯ ಒಗರು ಮತ್ತು ಅನ್ನಭೇದಿ ಸೇರಿಸಿ ಮಾಡುತ್ತಿದ್ದ ಹಳೆಯ ಶಾಯಿಯ ವಂಶದ್ದು. ಯುರೋಪಿನಲ್ಲಿ ನೂರಾರು ವರ್ಷ ದಾಖಲೆ ಪತ್ರಗಳನ್ನೆಲ್ಲ ಬರೆದದ್ದು ಇಂಥ ಶಾಯಿಯಲ್ಲೇ. ಪೆಲಿಕಾನ್‌ನದು ಅದರ ಸೌಮ್ಯ ರೂಪ.

ಈ ಐರನ್ ಗಾಲ್ ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಬಾಟಲಿಯಲ್ಲಿ ಇರುವಾಗ ಅದರ ಕಬ್ಬಿಣದ ಭಾಗಕ್ಕೆ ಹೆಚ್ಚು ಬಣ್ಣವೇ ಇಲ್ಲ. ಬರೆಯುವವರಿಗೆ ಅಕ್ಷರ ಕಾಣಲಿ ಅಂತ ಜೊತೆಗೆ ನೀಲಿ ಡೈ ಹಾಕಿರುತ್ತಾರೆ. ಹಾಳೆಗೆ ಇಳಿದು ಗಾಳಿ ತಾಕಿದ ಮೇಲೆ ಕಬ್ಬಿಣ ಆಕ್ಸಿಡೈಸ್ ಆಗಿ, ನಾರುಗಳ ಒಳಗೇ ಕಪ್ಪಗೆ ಕೂತುಬಿಡುತ್ತದೆ. ಹಾಗಾಗಿ ಬರೆಯುವಾಗ ನೀಲಿ, ಒಣಗುತ್ತಾ ಬೂದು, ಮಾರನೇ ದಿನ ನೋಡಿದರೆ ಉಕ್ಕಿನ ಬಣ್ಣ. ಪುಟದ ಕೊನೆಗೆ ಬರುವ ಹೊತ್ತಿಗೆ ಮೇಲಿನ ಸಾಲುಗಳು ಆಗಲೇ ಸ್ವಲ್ಪ ಬೇರೆ ಬಣ್ಣಕ್ಕೆ ತಿರುಗಿರುತ್ತವೆ, ಅದನ್ನು ನೋಡುತ್ತಾ ಬರೆಯುವುದೇ ಒಂದು ಮಜಾ.

ಹೋಲಿಕೆಗೆ ಒಂದೇ ಮಾದರಿಯ ಮೂರು ಪೆನ್ ತೆಗೆದುಕೊಂಡೆ, ಮೂರಕ್ಕೂ ಮೀಡಿಯಂ ಸ್ಟೀಲ್ ನಿಬ್. ಇದು ಯಾಕೆ ಮುಖ್ಯ ಅಂದರೆ ಶಾಯಿಯ ಬಣ್ಣವನ್ನು ಅರ್ಧ ನಿರ್ಧರಿಸುವುದು ಪೆನ್. ಧಾರಾಳವಾಗಿ ಶಾಯಿ ಬಿಡುವ ನಿಬ್‌ನಲ್ಲಿ ಶಿನ್-ಕಾಯ್ ಬಹುತೇಕ ಕಪ್ಪು, ಜಿಪುಣ ನಿಬ್‌ನಲ್ಲಿ ಬೂದು-ನೀಲಿ. ಹತ್ತಿಕಡ್ಡಿಯಲ್ಲಿ ಬಳಿದು ಫೋಟೋ ಹಾಕುತ್ತಾರಲ್ಲ, ಅದನ್ನು ನಂಬಿ ಶಾಯಿ ಕೊಳ್ಳಬೇಡಿ. ಹತ್ತಿಕಡ್ಡಿಯಲ್ಲಿ ಯಾರೂ ಪತ್ರ ಬರೆಯುವುದಿಲ್ಲ ಅಲ್ವಾ?

ಹಾಳೆಯೂ ಮೂರು ತರಹದ್ದು: ಪ್ರಿಂಟರ್‌ಗೆ ಹಾಕುವ ಮಾಮೂಲಿ 80 ಜಿಎಸ್‌ಎಂ ಹಾಳೆ, ಸುಮಾರಾದ ಒಂದು ಗೆರೆ ನೋಟ್‌ಬುಕ್, ಆಮೇಲೆ 52 ಜಿಎಸ್‌ಎಂ ಟೊಮೊಯೆ ರಿವರ್. ಈ ಕೊನೆಯದು ಜಪಾನಿನ ತೆಳು ಕಾಗದ, ಶಾಯಿಯನ್ನು ಬೇಗ ಹೀರದೆ ಮೇಲೆಯೇ ಒಣಗಲು ಬಿಡುತ್ತದೆ.

ಟೊಮೊಯೆ ಮೇಲೆ ಶಿನ್-ಕಾಯ್‌ಗೆ ಎದುರೇ ಇಲ್ಲ. ಗೆರೆ ಶುರುವಾಗುವಲ್ಲಿ ತಿಳಿ, ಶಾಯಿ ನಿಲ್ಲುವ ಕೊನೆಯಲ್ಲಿ ಗಾಢ. ಅಕ್ಷರದ ಸುಳಿಗಳಲ್ಲಿ, ಕೊಂಬುಗಳಲ್ಲಿ ಆ ಏರಿಳಿತ ತುಂಬಾ ಚೆನ್ನಾಗಿ ಕಾಣುತ್ತದೆ, ಕನ್ನಡದ ದುಂಡು ಅಕ್ಷರಕ್ಕೆ ಶೇಡಿಂಗ್ ಇರುವ ಶಾಯಿ ಹೇಳಿ ಮಾಡಿಸಿದ್ದು. ಶಾಯಿ ದಪ್ಪಗೆ ನಿಂತ ಕಡೆ ಹಾಳೆಯನ್ನು ಬೆಳಕಿಗೆ ಓರೆ ಹಿಡಿದರೆ ಕೆಂಪು ಮಿಂಚು. ಇದಕ್ಕೇ ಶೀನ್ ಅನ್ನುವುದು. ಸರಿ, ಅದೇ ಶಾಯಿ, ಅದೇ ಪೆನ್, ಪ್ರಿಂಟರ್ ಹಾಳೆಗೆ ಬನ್ನಿ. ಶೀನ್ ಮಾಯ, ಶೇಡಿಂಗ್ ಮುಕ್ಕಾಲು ಮಾಯ. ಉಳಿಯುವುದು ಒಂದು ಸಾದಾ ಗಾಢ ಬೂದು-ನೀಲಿ. ಹಳದಿ ದೀಪದ ಕೆಳಗೆ ಅದು ನೀಲಿ ಅಂತ ಹೇಳುವುದೂ ಕಷ್ಟ. ಇದಕ್ಕೆ ಶಾಯಿಯನ್ನು ಬೈದು ಉಪಯೋಗವಿಲ್ಲ. ಹೀರುವ ಹಾಳೆಯಲ್ಲಿ ಡೈ ನಾರಿನೊಳಗೆ ಇಳಿದುಬಿಡುತ್ತದೆ, ಮೇಲೆ ಪದರ ಕಟ್ಟಲು ಏನೂ ಉಳಿಯುವುದಿಲ್ಲ, ಶೀನ್ ಬರುವುದಾದರೂ ಎಲ್ಲಿಂದ?

ಸೇಯ್‌ಬೋಕು ಇದಕ್ಕೆ ತದ್ವಿರುದ್ಧ. ಎಲ್ಲಿ ಬರೆದರೂ ಹೆಚ್ಚುಕಮ್ಮಿ ಅದೇ ಬಣ್ಣ, ಸ್ವಲ್ಪ ಹಸಿರಿನ ಕಡೆಗೆ ವಾಲುವ ಗಾಢ ನೀಲಿ. ಗೆರೆಯ ಅಂಚು ನೀಟಾಗಿ ಇರುತ್ತದೆ. ಏರಿಳಿತ ಕಮ್ಮಿ, ಅಚ್ಚು ಹಾಕಿದ ಹಾಗೆ. ಇದು ಕೆಲವರಿಗೆ ಇಷ್ಟವಾಗಬಹುದು. ನನಗೆ ಒಂದು ಪುಟ ದಾಟುವಷ್ಟರಲ್ಲಿ ಬೋರ್ ಆಯಿತು.

ಪೆಲಿಕಾನ್ ಬಣ್ಣ ನಿಜಕ್ಕೂ ಮಂಕು. ಒಣಗಿದ ಮೇಲೆ ಬೂದು ಜಾಸ್ತಿ, ನೀಲಿ ಕಮ್ಮಿ. ಹರಿವೂ ಒಣ, ನಿಬ್ ಹಾಳೆಯ ಮೇಲೆ ಜಾರುವ ಸುಖ ಶಿನ್-ಕಾಯ್‌ನಲ್ಲಿ ಸಿಕ್ಕಷ್ಟು ಇದರಲ್ಲಿ ಸಿಗುವುದಿಲ್ಲ. ಸಣ್ಣ ನಿಬ್ ಇರುವವರಿಗೆ ಇದು ಕಿರಿಕಿರಿಯಾಗಬಹುದು. ಆದರೆ ಇದೇ ಒಣ ಸ್ವಭಾವ ಕೆಟ್ಟ ಹಾಳೆಯಲ್ಲಿ ಕೆಲಸಕ್ಕೆ ಬರುತ್ತದೆ. ನನ್ನ ಗೆರೆ ನೋಟ್‌ಬುಕ್‌ನಲ್ಲಿ ಶಿನ್-ಕಾಯ್ ಅಕ್ಷರದ ಅಂಚಿನಲ್ಲಿ ಬೇರು ಬಿಟ್ಟ ಹಾಗೆ ಹರಡಿತು, ಹಿಂಬದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಳಿಯಿತು, ಆ ಬದಿ ಬರೆಯುವ ಹಾಗೇ ಇಲ್ಲ. ಪೆಲಿಕಾನ್ ಅಂಚು ಬಿಟ್ಟು ಹೊರಗೆ ಹೋಗಲಿಲ್ಲ, ಎರಡೂ ಬದಿ ಬರೆದೆ. ಸೇಯ್‌ಬೋಕು ಕೂಡ ಇಲ್ಲಿ ಗಟ್ಟಿ. ಕಣಗಳು ಹಾಳೆಯ ಮೇಲ್ಪದರದಲ್ಲೇ ನಿಲ್ಲುವುದರಿಂದ ಹಿಂದಕ್ಕೆ ಇಳಿಯುವುದು ಕಮ್ಮಿ. ದಿನದಲ್ಲಿ ನಾವು ಬರೆಯುವ ಹಾಳೆಗಳಲ್ಲಿ ಹೆಚ್ಚಿನವು ಇಂಥವೇ ತಾನೇ, ಟೊಮೊಯೆ ರಿವರ್ ಯಾರ ಕೈಗೆ ದಿನಾ ಬರುತ್ತದೆ!

ಇನ್ನು ನೀರು. ಬರೆದು ಪೂರ್ತಿ ಒಂದು ದಿನ ಒಣಗಲು ಬಿಟ್ಟು, ಆಮೇಲೆ ನಲ್ಲಿ ಕೆಳಗೆ ಹಿಡಿದೆ. ಸೇಯ್‌ಬೋಕು ಏನೂ ಆಗದವರ ಹಾಗೆ ಇತ್ತು. ಪೆಲಿಕಾನ್‌ನಿಂದ ನೀಲಿ ಹರಿದುಹೋಯಿತು, ಕಪ್ಪು-ಬೂದು ಗೆರೆ ಹಾಗೇ ಉಳಿಯಿತು, ಆರಾಮಾಗಿ ಓದಬಹುದು. ಹೋದದ್ದು ಆ ಡೈ, ಉಳಿದದ್ದು ಕಬ್ಬಿಣ, ಲೆಕ್ಕ ಸರಿಯಾಗಿದೆ. ಶಿನ್-ಕಾಯ್‌ನಲ್ಲಿ ಮಸುಕಾದ ಬೂದು ನೆರಳು ಮಾತ್ರ ಸಿಕ್ಕಿತು. ಬರೆದದ್ದು ಏನು ಅಂತ ಮೊದಲೇ ಗೊತ್ತಿದ್ದರೆ ಓದಬಹುದು, ಇಲ್ಲದಿದ್ದರೆ ಊಹೆ. ಹೈಲೈಟರ್ ಎಳೆದಾಗಲೂ ಹೆಚ್ಚುಕಮ್ಮಿ ಇದೇ ಕ್ರಮ. ಓದುವಾಗ ಗೆರೆ ಎಳೆಯುವ ಅಭ್ಯಾಸ ಇರುವವರು ಶಿನ್-ಕಾಯ್‌ನಿಂದ ದೂರ ಇರಿ, ಹೈಲೈಟರ್ ತುದಿಯೂ ಕೊಳೆಯಾಗುತ್ತದೆ.

ಬಿಸಿಲಿಗೂ ಇಟ್ಟೆ. ಅರ್ಧ ಭಾಗ ರಟ್ಟಿನಿಂದ ಮುಚ್ಚಿ ಕಿಟಕಿಗೆ ಅಂಟಿಸಿದ್ದು, ತೆಗೆದು ನೋಡಿದಾಗ ಶಿನ್-ಕಾಯ್‌ನಲ್ಲಿ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಗೆರೆ ಎಳೆದ ಹಾಗೆ ವ್ಯತ್ಯಾಸ. ಪೆಲಿಕಾನ್‌ನಲ್ಲಿ ನೀಲಿ ಛಾಯೆ ಹೋಗಿ ಬೂದು ಉಳಿಯಿತು. ಸೇಯ್‌ಬೋಕುವಿನಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಆಗಲಿಲ್ಲ.

ಒಣಗುವ ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಮೂಲಿ ಹಾಳೆಯಲ್ಲಿ ಮೂರೂ ಬೇಗ ಒಣಗುತ್ತವೆ. ಟೊಮೊಯೆ ಮೇಲೆ ಶಿನ್-ಕಾಯ್ ಸತಾಯಿಸುತ್ತದೆ, ಎಡಗೈಯಲ್ಲಿ ಬರೆಯುವವರ ಅಂಗೈ ನೀಲಿಯಾಗುವುದು ಗ್ಯಾರಂಟಿ.

ಇಷ್ಟು ಓದಿದರೆ ಸೇಯ್‌ಬೋಕು ಗೆದ್ದ ಹಾಗೆ ಕಾಣುತ್ತದೆ. ಕಾಗದದ ಮೇಲೆ ಗೆದ್ದಿದೆ ಕೂಡ. ತೊಂದರೆ ಇರುವುದು ಪೆನ್ನಿನೊಳಗೆ. ಪಿಗ್ಮೆಂಟ್ ಶಾಯಿ ಒಮ್ಮೆ ಒಣಗಿತು ಅಂದರೆ ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಹಾಳೆಯ ಮೇಲೆ ಇದೇ ಗುಣ ವರ, ನಿಬ್‌ಗೆ ಶಾಯಿ ತಲುಪಿಸುವ ಫೀಡಿನ ಸಣ್ಣ ಕಾಲುವೆಗಳಲ್ಲಿ ಇದೇ ಶಾಪ. ದಿನಾ ಬರೆಯುವ ಪೆನ್ನಿಗೆ ಪರವಾಗಿಲ್ಲ. ನನ್ನ ಹಾಗೆ ಹಲವು ಪೆನ್ ತುಂಬಿಟ್ಟು ಯಾವುದೋ ಒಂದನ್ನು ಮರೆಯುವವರಿಗೆ ಸದಾ ಒಂದು ಚಿಂತೆ. ಹಾಕಲೇಬೇಕು ಅಂದರೆ ಮುಚ್ಚಳ ಬಿಗಿಯಾಗಿ ಕೂರುವ ಪೆನ್ ಆರಿಸಿ. ಪ್ಲಾಟಿನಮ್ ಕಂಪನಿಯ ಪ್ರೆಪ್ಪಿಯಂಥ ಪೆನ್ನುಗಳ ಮುಚ್ಚಳದೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಒಳಮುಚ್ಚಳ ಇರುತ್ತದೆ, ಗಾಳಿ ಆಡದಂತೆ ನಿಬ್ಬನ್ನು ಮುಚ್ಚುತ್ತದೆ. ಪಿಗ್ಮೆಂಟ್ ಶಾಯಿಗೆ ಅಂಥದ್ದೇ ಸರಿ. ಶಾಯಿ ಬದಲಿಸುವಾಗ ಬರೀ ನೀರು ಸಾಲದೇ ಇದ್ದರೆ ನೀರಿಗೆ ಕೆಲವು ಹನಿ ಅಮೋನಿಯಾ ಸೇರಿಸಿ ತೊಳೆದು, ಆಮೇಲೆ ಮತ್ತೆ ಬರೀ ನೀರಿನಲ್ಲಿ ತೊಳೆಯಿರಿ.

ಪೆಲಿಕಾನ್‌ಗೂ ತನ್ನದೇ ಷರತ್ತುಗಳಿವೆ. ಐರನ್ ಗಾಲ್ ಅಂದರೆ ಆಮ್ಲ. ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಸ್ಟೀಲ್ ನಿಬ್‌ಗೆ ಒಳ್ಳೆಯದಲ್ಲ. ಚಿನ್ನದ ನಿಬ್‌ಗೆ ಆ ಭಯ ಇಲ್ಲ. ಬೇರೆ ಶಾಯಿಯ ಜೊತೆ ಬೆರೆಸಲೇಬಾರದು, ಆಮ್ಲಕ್ಕೆ ಹೊಂದದ ಶಾಯಿ ಸೇರಿದರೆ ಒಳಗೆ ಗಷ್ಟು ಕಟ್ಟಬಹುದು. ಒಳಗೆ ಕಬ್ಬಿಣದ ಕಲೆ ಹಿಡಿದಿದ್ದರೆ ಅಮೋನಿಯಾದಿಂದ ಪ್ರಯೋಜನವಿಲ್ಲ, ಆಸ್ಕಾರ್ಬಿಕ್ ಆಮ್ಲ ಬೇಕು, ಅಂದರೆ ಶುದ್ಧ ವಿಟಮಿನ್ ಸಿ ಪುಡಿಯನ್ನು ನೀರಿನಲ್ಲಿ ತೆಳ್ಳಗೆ ಕರಗಿಸಿದ್ದು. ಅದು ಒಣಗಿ ಕೂತ ಕಬ್ಬಿಣವನ್ನು ಮತ್ತೆ ಕರಗುವ ಸ್ಥಿತಿಗೆ ತರುತ್ತದೆ. ಬಣ್ಣ ಹಾಕಿದ, ಹಣ್ಣಿನ ರುಚಿಯ ಮಾತ್ರೆ ಪುಡಿ ಮಾಡಿ ಹಾಕಬೇಡಿ ಮಾರಾಯ್ರೆ, ಸಕ್ಕರೆ ಅಂಟು ಬೇರೆ. ಇಷ್ಟೆಲ್ಲ ಹೇಳಿದರೂ, ಕ್ರಮವಾಗಿ ಬಳಸುತ್ತಾ ಶಾಯಿ ತುಂಬುವ ಮುಂಚೆ ಒಮ್ಮೆ ನೀರು ಓಡಿಸುವಷ್ಟು ತಾಳ್ಮೆ ಇದ್ದರೆ ಪೆಲಿಕಾನ್ ಏನೂ ಗೋಳು ಕೊಡುವುದಿಲ್ಲ. ಸರ್ಕಾರಿ ದಾಖಲೆ ಬರೆಯುವುದಕ್ಕೆಂದೇ ರಿಜಿಸ್ಟ್ರಾರ್ ಶಾಯಿ ಅಂತ ಬರುವ ಐರನ್ ಗಾಲ್‌ಗಳು ಇದಕ್ಕಿಂತ ಖಡಕ್, ಅವಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಶಿನ್-ಕಾಯ್ ಈ ವಿಷಯದಲ್ಲಿ ಸಾಧು. ನೀರು ಹಾಕಿ ತಿರುಗಿಸಿದರೆ ಕನ್ವರ್ಟರ್, ಅಂದರೆ ಪೆನ್ನಿನೊಳಗೆ ಶಾಯಿ ಎಳೆದು ಇಟ್ಟುಕೊಳ್ಳುವ ಚಿಕ್ಕ ಕೊಳವೆ, ಕ್ಲೀನ್. ಬಾಟಲಿಯೂ ಮೂರರಲ್ಲಿ ಅಂದವಾದದ್ದು. ದಪ್ಪ ಗಾಜಿನ ತಳದಲ್ಲಿ ಚಿಕ್ಕ ಗುಂಡಿ ಇದೆ, ಶಾಯಿ ಮುಗಿಯುತ್ತಾ ಬಂದಾಗ ಉಳಿದದ್ದೆಲ್ಲ ಅಲ್ಲಿ ಸೇರಿಕೊಳ್ಳುತ್ತದೆ, ನಿಬ್ ಅದ್ದಿ ಎಳೆಯಲು ಸುಲಭ.

ಐರನ್ ಗಾಲ್ ಬೇಕು, ಆದರೆ ಪೆಲಿಕಾನ್‌ನ ಬೂದು ಬೇಡ ಅನ್ನುವವರಿಗೆ ರೋರರ್ ಅಂಡ್ ಕ್ಲಿಂಗ್ನರ್ ಕಂಪನಿಯ ಸಾಲಿಕ್ಸ್ ಇದೆ. ಅದು ಒಣಗಿದ ಮೇಲೂ ನೀಲಿಯನ್ನು ಹೆಚ್ಚು ಉಳಿಸಿಕೊಳ್ಳುತ್ತದೆ. ನೇರಳೆ ಇಷ್ಟವಿದ್ದರೆ ಅದೇ ಕಂಪನಿಯ ಸ್ಕಾಬಿಯೋಸಾ.

ಸದ್ಯಕ್ಕೆ ನನ್ನ ಹಂಚಿಕೆ ಹೀಗಿದೆ. ಟಿಪ್ಪಣಿ, ಲೆಕ್ಕ, ಸಿಕ್ಕಸಿಕ್ಕ ಹಾಳೆಯಲ್ಲಿ ಗೀಚುವುದು, ಎಲ್ಲ ಪೆಲಿಕಾನ್‌ನಲ್ಲಿ. ಶಿನ್-ಕಾಯ್ ಅಗಲ ನಿಬ್ಬಿನ ಪೆನ್ನಿಗೆ ಹೋಯಿತು, ಒಳ್ಳೆಯ ಕಾಗದದಲ್ಲಿ ನಿಧಾನವಾಗಿ ಪತ್ರ ಬರೆಯುವಾಗ ಮಾತ್ರ ಹೊರಗೆ ತೆಗೆಯುತ್ತೇನೆ. ಸೇಯ್‌ಬೋಕು ಒಂದು ಪ್ರೆಪ್ಪಿಯಲ್ಲಿದೆ, ಲಕೋಟೆಯ ಮೇಲೆ ವಿಳಾಸ ಬರೆಯುವುದಕ್ಕೆ ಮತ್ತು ಜಲವರ್ಣ ಹಚ್ಚುವ ಮುಂಚೆ ಚಿತ್ರದ ಗೆರೆ ಎಳೆಯುವುದಕ್ಕೆ. ಆ ಎರಡನೇ ಕೆಲಸಕ್ಕೆ ಇನ್ನೆರಡು ಹತ್ತಿರವೂ ಬರುವುದಿಲ್ಲ. ಕುಂಚ ಎಷ್ಟು ಸಲ ಆಡಿಸಿದರೂ ಗೆರೆ ಕದಲುವುದಿಲ್ಲ, ಒಂದೇ ಮಾತು, ಬಣ್ಣ ಹಚ್ಚುವ ಮುಂಚೆ ಗೆರೆ ಚೆನ್ನಾಗಿ ಒಣಗಿರಬೇಕು.