ಥಿಂಕ್‌ಪ್ಯಾಡ್ ಟಿ450: ಏಳೂಮುಕ್ಕಾಲು ವರ್ಷ ಬಳಸಿದ ಮೇಲೆ

ಕಳೆದ ಆಯುಧಪೂಜೆಗೆ ಎಂದಿನಂತೆ ಲ್ಯಾಪ್‌ಟಾಪ್ ಒರೆಸಿ, ಕತ್ತರಿ, ಈಳಿಗೆಮಣೆ, ಸ್ಕೂಟರ್ ಕೀಲಿಯ ಪಕ್ಕ ಇಟ್ಟು ಅರಿಶಿನ ಕುಂಕುಮ ಹಚ್ಚಿದೆವು. ಅದೇ ಹೊತ್ತಿಗೆ ನನ್ನ ಫೋನಿನ ಕಾರ್ಟ್‌ನಲ್ಲಿ ಒಂದು ಹೊಸ ಲ್ಯಾಪ್‌ಟಾಪ್ ಕೂತಿತ್ತು. ಹಬ್ಬದ ಆಫರ್, 68,990 ರೂಪಾಯಿ, ಬಡ್ಡಿ ಇಲ್ಲದ ಇಎಂಐ. ಇವತ್ತು ಹೂ ಏರಿಸಿದ್ದನ್ನು ಮುಂದಿನ ವಾರ ಮೂಲೆಗೆ ಹಾಕಬೇಕಲ್ಲ ಅಂತ ಮನಸ್ಸಿಗೆ ಕಸಿವಿಸಿಯಾಯಿತು. ಕೊನೆಗೂ ಕೊಳ್ಳಲಿಲ್ಲ. ಯಾಕೆ ಅಂತ ಬರೆಯುತ್ತೇನೆ.

ನನ್ನ ಈ ಥಿಂಕ್‌ಪ್ಯಾಡ್ ಟಿ450 ಲ್ಯಾಪ್‌ಟಾಪ್ 2015ರ ಮಾದರಿ. ನಾನು ಕೊಂಡಿದ್ದು 2018ರ ಮಾರ್ಚ್‌ನಲ್ಲಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಸೆಕೆಂಡ್ ಹ್ಯಾಂಡ್, 22,000ಕ್ಕೆ. ಸ್ಪೆಸಿಫಿಕೇಶನ್ ಎಲ್ಲ ನೆಟ್‌ನಲ್ಲಿ ಸಿಗುತ್ತೆ, ಬಿಡಿ. ನನ್ನ ಕೆಲಸ ಕನ್ನಡ ಪುಸ್ತಕಗಳ ಕರಡು ತಿದ್ದುವುದು, ಜೊತೆಗೆ ಒಂದಿಷ್ಟು ಅನುವಾದ. ದಿನಕ್ಕೆ ಏಳೆಂಟು ಗಂಟೆ ಟೈಪ್ ಮಾಡುತ್ತೇನೆ. ಹಾಗಾಗಿ ನನಗೆ ಲ್ಯಾಪ್‌ಟಾಪ್ ಅಂದರೆ ಮೊದಲು ಕೀಬೋರ್ಡು.

ಈ ಕೀಬೋರ್ಡಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಕೀ ಒತ್ತಿದರೆ ಒಳಗೆ ಇಳಿದದ್ದು ಬೆರಳಿಗೆ ಗೊತ್ತಾಗುತ್ತೆ. ಮೇಲ್ಮೈ ಸ್ವಲ್ಪ ತಗ್ಗಾಗಿದೆ, ಬೆರಳು ಜಾರುವುದಿಲ್ಲ. ನಡುವಿನ ಕೆಂಪು ಗುಂಡಿಯಿಂದ ಕರ್ಸರ್ ಓಡಿಸುವುದು ರೂಢಿಯಾದ ಮೇಲೆ ಕೈಯನ್ನು ಕೆಳಗಿನ ಟಚ್‌ಪ್ಯಾಡಿಗೆ ಇಳಿಸುವುದೇ ಇಲ್ಲ. ಭಾನುವಾರ ಬೆಳಗ್ಗೆ ಕಾಫಿ ಕುಡಿದ ಮೇಲೆ ಹಳೇ ಪೇಂಟಿಂಗ್ ಬ್ರಷ್‌ನಿಂದ ಸಾಲುಸಾಲಾಗಿ ಧೂಳು ಹೊಡೆಯುತ್ತೇನೆ. ಎಫ್ ಕೀ ಮೇಲಿನ ಅಕ್ಷರ ಪೂರ್ತಿ ಅಳಿಸಿ ಹೋಗಿದೆ. ನಾನು ಬಳಸುವ ಕೆಜಿಪಿ ಅನ್ನುವ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಅದೇ ಕೀ. ಕನ್ನಡದಲ್ಲಿ ಒತ್ತಕ್ಷರ ಎಷ್ಟಿವೆ ಅಂತ ಯಾರಿಗಾದರೂ ಅನುಮಾನ ಇದ್ದರೆ ಬಂದು ಈ ಕೀ ನೋಡಲಿ.

ಇನ್ನೊಂದು ಖುಷಿ ಬ್ಯಾಟರಿಯದು. ಇದರಲ್ಲಿ ಎರಡು ಬ್ಯಾಟರಿ. ಒಂದು ಒಳಗೆ, ಇನ್ನೊಂದು ಹಿಂದೆ. ಹಿಂದಿನದನ್ನು ಲ್ಯಾಪ್‌ಟಾಪ್ ಆಫ್ ಮಾಡದೆಯೇ ಕಳಚಿ ಬೇರೆ ಹಾಕಬಹುದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಡ್ರಾಯರ್‌ನಲ್ಲಿರುವ ಚಾರ್ಜ್ ಆದ ಬ್ಯಾಟರಿ ತೆಗೆದು ಸಿಕ್ಕಿಸುತ್ತೇನೆ. ತಿದ್ದುತ್ತಿದ್ದ ಸಾಲು ಹಾಗೇ ತೆರೆದಿರುತ್ತೆ.

ಹೊಸದು ಬೇಕು ಅನ್ನುವ ಆಸೆ ನನಗೂ ಬರುತ್ತೆ, ವರ್ಷಕ್ಕೊಮ್ಮೆ ಗ್ಯಾರಂಟಿ. ಅದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆಸೆ ಬಂದ ತಾರೀಕು ಒಂದು ಕಡೆ, ಯಾವ ಕೆಲಸ ನಿಂತಿತು ಅನ್ನುವುದು ಇನ್ನೊಂದು ಕಡೆ. 2019ರ ಜುಲೈ: ಆನ್ ಆಗೋಕೆ ನಾಲ್ಕು ನಿಮಿಷ. ನೋಡಿದರೆ ಹಾರ್ಡ್‌ಡಿಸ್ಕ್ ಸೋತಿತ್ತು. 2,600 ಕೊಟ್ಟು ಎಸ್‌ಎಸ್‌ಡಿ ಹಾಕಿಸಿದೆ. 2020ರ ಆಗಸ್ಟ್: ಜೂಮ್ ಮತ್ತು ದೊಡ್ಡ ಪಿಡಿಎಫ್ ಒಟ್ಟಿಗೆ ತೆರೆದರೆ ಹ್ಯಾಂಗ್. 1,900ಕ್ಕೆ ರ‍್ಯಾಮ್ ತಂದು ನಾನೇ ಹಾಕಿದೆ. ತಳದ ಸ್ಕ್ರೂಗಳು ಸಡಿಲಿಸಿದರೂ ಮುಚ್ಚಳದಲ್ಲೇ ಉಳಿಯುತ್ತವೆ, ಉರುಳಿ ಮಂಚದ ಕೆಳಗೆ ಹೋಗುವ ಭಯ ಇಲ್ಲ. 2022: ಬ್ಯಾಟರಿ. ಒಂದು ಅಂಗಡಿಯಲ್ಲಿ 1,500ಕ್ಕೆ ಡೂಪ್ಲಿಕೇಟ್ ಕೊಟ್ಟರು, ನಾಲ್ಕೇ ತಿಂಗಳಿಗೆ ಸತ್ತಿತು. ಆಮೇಲೆ 3,200ಕ್ಕೆ ಒಳ್ಳೆಯದು ತಂದೆ.

2023ರ ನವೆಂಬರ್‌ನಲ್ಲಿ ತಂಗಿಯ ಮಗಳು ಹೊಸ ಲ್ಯಾಪ್‌ಟಾಪ್ ತಂದು ತೋರಿಸಿದಳು. ತೆಳ್ಳಗೆ, ಹಗುರ, ಸ್ಕ್ರೀನ್ ಕಣ್ಣಿಗೆ ಹಬ್ಬ. 'ಮಾವ, ನಿಮ್ದು ಇನ್ನೂ ಓಡುತ್ತಾ?' ಅಂದಳು. ಅವತ್ತು ರಾತ್ರಿಯೂ ನೋಟ್‌ಬುಕ್ ತೆಗೆದೆ. ತಾರೀಕು ಬರೆದೆ. ಯಾವ ಕೆಲಸ ನಿಂತಿತು? ಆ ಜಾಗ ಇವತ್ತಿಗೂ ಖಾಲಿಯೇ ಇದೆ.

ಆದರೆ 2025ರ ಅಕ್ಟೋಬರ್‌ನ ಸಾಲಿನಲ್ಲಿ ಬರೆಯಲು ಕಾರಣ ಸಿಕ್ಕಿತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದರಾಚಿನದೋ ಇರಬೇಕು. ನನ್ನದು ಐದನೆಯದು. ಗಟ್ಟಿಮುಟ್ಟಾಗಿ ಕೆಲಸ ಮಾಡುತ್ತಿರುವ ಯಂತ್ರಕ್ಕೆ ಜಾಗ ಇಲ್ಲ ಅಂದರೆ ಸಿಟ್ಟು ಬರಲ್ವಾ? ನನಗೆ ಬಂತು. ವಿಂಡೋಸ್ 10ರಲ್ಲೇ ಇರುವವರು 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಪಡೆಯಲು ದಾರಿ ಇದೆ. ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ, 2029ರವರೆಗೆ ಅಪ್‌ಡೇಟ್ ಇದೆ, ಕೆಜಿಪಿ ವಿನ್ಯಾಸವೂ ಸಿಕ್ಕಿತು. ಒಂದು ಸಂಜೆಯಲ್ಲಿ ಎಲ್ಲ ಆಯಿತು.

ಮರುದಿನ ಹಳೇ ಕಡತ ತೆರೆದಾಗ ಎದೆ ಧಸಕ್ ಅಂದಿತು. ವರ್ಷಗಟ್ಟಲೆ 'ನುಡಿ' ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಮಾಡಿಟ್ಟ 412 ಕಡತಗಳು. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಬಳಸದ ಕಾಲದವು. ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿದ ಹಾಗೆ ಕಾಣುತ್ತಿತ್ತು. ಫಾಂಟ್ ತಂದು ಹಾಕಿದರೆ ಓದಬಹುದು. ಈಗಿನ ಯೂನಿಕೋಡ್ ಕೀಲಿಮಣೆಯಿಂದ ತಿದ್ದಲು ಬರುವುದಿಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಹಾಕಿದರೆ ಅರ್ಕಾವತ್ತು ಅಡ್ಡಾದಿಡ್ಡಿ. 'ವರ್ಷ' ಹೋಗಿ 'ವಷರ್', 'ಕಾರ್ಯ' ಹೋಗಿ 'ಕಾಯರ್'. ಹಳೇ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲೇ ಅಕ್ಷರ ಕೂರುತ್ತಿದ್ದವು, ಅರ್ಕಾವತ್ತು ವ್ಯಂಜನದ ನಂತರ ಬರುತ್ತಿತ್ತು. ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ಪರಿವರ್ತಕ ಎಡವುವುದು ಅಲ್ಲೇ.

ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ರಾತ್ರಿ ಕಾರ್ಟ್ ಮತ್ತೆ ತೆರೆದಿದ್ದೆ. ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರುತ್ತೆ, ನುಡಿ ಓಡುತ್ತೆ, ಕಡತಗಳನ್ನು ಮುಟ್ಟುವುದೇ ಬೇಡ. ಎಂಟು ವರ್ಷಗಳಲ್ಲಿ ಮೊದಲ ಸಲ ಹೊಸದು ಕೊಳ್ಳಲು ಸರಿಯಾದ ಕಾರಣ ಸಿಕ್ಕಿತ್ತು. ಆಮೇಲೆ ಲೆಕ್ಕ ಹಾಕಿದೆ. ಈ ಯಂತ್ರಕ್ಕೆ ಇಲ್ಲಿಯವರೆಗೆ ಸುರಿದದ್ದು ಒಟ್ಟು 31,200. 94 ತಿಂಗಳಿಗೆ ಹಂಚಿದರೆ ತಿಂಗಳಿಗೆ 332 ರೂಪಾಯಿ. ನಾಲ್ಕು ರಾತ್ರಿಯ ಕೆಲಸ ಉಳಿಸಲು 68,990 ಕೊಡಲು ಮನಸ್ಸು ಒಪ್ಪಲಿಲ್ಲ.

ನಾಲ್ಕು ರಾತ್ರಿ ಕೂತೆ. ಕಡತ ಪರಿವರ್ತಿಸುವುದು, ತಪ್ಪಿದ ಅರ್ಕಾವತ್ತುಗಳನ್ನು ಹುಡುಕಿ ಒಟ್ಟಿಗೆ ಬದಲಿಸುವುದು, ಉಳಿದದ್ದನ್ನು ಕಣ್ಣಿಂದ ನೋಡುವುದು. ಅದರಿಂದ ಸಿಕ್ಕಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಈಗ 412 ಕಡತಗಳಲ್ಲೂ ಒಂದೇ ಸಲ ಪದ ಹುಡುಕಬಹುದು. ಮೊನ್ನೆ 'ಅಡಕಲು' ಅಂತ ಹುಡುಕಿದೆ. ಮಡಕೆಯ ಮೇಲೆ ಮಡಕೆ ಪೇರಿಸಿಡುವುದಕ್ಕೆ ಆ ಮಾತನ್ನು ಬಳಸಿದ್ದ ಹಳೇ ಹಸ್ತಪ್ರತಿಯ ಪುಟವೇ ಎದುರು ಬಂತು. ಅದನ್ನು ಬರೆದವರು ಈಗಿಲ್ಲ. ತುಂಬ ಹೊತ್ತು ಆ ಪುಟ ಓದುತ್ತಾ ಕೂತಿದ್ದೆ.

ವಿಡಿಯೊ ಕೆಲಸ ಮಾಡುವವರು, ದಿನಾ ಬಸ್ಸಲ್ಲಿ ಹೊತ್ತು ಓಡಾಡುವವರು ಇದನ್ನು ಕೊಳ್ಳಬೇಡಿ. ಸ್ಕ್ರೀನ್ ಮಂಕು, ತೂಕವೂ ಜಾಸ್ತಿ. ಬರವಣಿಗೆ, ಲೆಕ್ಕಪತ್ರ, ಪಾಠ ಮಾಡುವವರಿಗೆ ಧಾರಾಳವಾಗಿ ಸಾಕು.

ಈ ತಿಂಗಳು ನೋಟ್‌ಬುಕ್‌ನಲ್ಲಿ ಹೊಸ ಸಾಲು ಬಂದಿದೆ. ಎಫ್ ಕೀ ಸಡಿಲವಾಗಿದೆ, ಎರಡು ಸಲ ಒತ್ತಿದರೆ ಒಂದು ಒತ್ತಕ್ಷರ ಬೀಳುತ್ತೆ. ಕೀಬೋರ್ಡ್ ಪೂರ್ತಿ ಬದಲಿಸಲು 1,800. ಆರ್ಡರ್ ಮಾಡಿದ್ದೇನೆ, ಗುರುವಾರ ಬರುತ್ತೆ.